ದಿಣ್ಣೆ ಎಷ್ಟು ಸಿಗ್ನಲ್ ತಿನ್ನುತ್ತದೆ? ಸ್ಪ್ಲ್ಯಾಟ್ ಬಳಸಿದ ಅನುಭವ

12 ಕಿ.ಮೀ. ಆಚೆ ಇರುವ ಮಳೆಮಾಪಕದಿಂದ 433 ಮೆಗಾಹರ್ಟ್ಸ್‌ನಲ್ಲಿ ಡೇಟಾ ತರಿಸಬೇಕಿತ್ತು. ನಮ್ಮ ಕಂಬದಿಂದ 2 ಕಿ.ಮೀ. ಮುಂದೆ ಒಂದು ದಿಣ್ಣೆ ಅಡ್ಡ ಬರುತ್ತದೆ. ಸಿಗ್ನಲ್ ದಾಟುತ್ತದೋ ಇಲ್ಲವೋ ಎಂದು ನೋಡಲು ಸ್ಪ್ಲ್ಯಾಟ್ ಹಾಕಿಕೊಂಡೆ. ಹ್ಯಾಮ್ ರೇಡಿಯೊದ ಜಾನ್ ಮಗ್ಲಿಯಾಕೇನ್ ಬರೆದ ಉಚಿತ ತಂತ್ರಾಂಶ ಇದು. ಲೆಕ್ಕದ ತಳಹದಿ 1968ರ ಲಾಂಗ್ಲಿ-ರೈಸ್ ಮಾದರಿ, ಅಂದರೆ ಏರಿಳಿತದ ನೆಲದ ಮೇಲೆ ಸಿಗ್ನಲ್ ಎಷ್ಟು ನಷ್ಟವಾಗುತ್ತದೆ ಎಂದು ಅಂದಾಜಿಸುವ ವಿಧಾನ. ನೆಲದ ಏರಿಳಿತಕ್ಕೆ 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರ್‌ನಿಂದ ಅಳೆದ ಎಸ್‌ಆರ್‌ಟಿಎಂ ಡೇಟಾ ಕೊಟ್ಟರೆ ಸಾಕು.

ಎಲ್ಲವೂ ಕಮಾಂಡ್ ಟೈಪ್ ಮಾಡಿಯೇ ಆಗಬೇಕು. ಜಾಗದ ಫೈಲ್‌ನಲ್ಲಿ ನಾಲ್ಕೇ ಸಾಲು: ಹೆಸರು, ಅಕ್ಷಾಂಶ, ರೇಖಾಂಶ, ಆಂಟೆನಾ ಎತ್ತರ. ಆದರೆ ಹುಷಾರು. ಇಲ್ಲಿ ಪಶ್ಚಿಮ ರೇಖಾಂಶ ಪ್ಲಸ್, ಪೂರ್ವದ್ದು ಮೈನಸ್. ಎತ್ತರದ ಪಕ್ಕ ‘ಎಂ’ ಅಕ್ಷರ ಹಾಕದಿದ್ದರೆ ಅಡಿ ಎಂದೇ ಹಿಡಿಯುತ್ತದೆ. ನಾನು 9 ಮೀಟರ್ ಕಂಬಕ್ಕೆ ಬರೀ 9 ಎಂದು ಬರೆದು ಒಂದು ಸಂಜೆ ಕಳೆದುಕೊಂಡೆ.

ನನಗೆ ತುಂಬಾ ಇಷ್ಟವಾದದ್ದು ಅದು ಕೊಡುವ ವರದಿ. ಖಾಲಿ ಬಯಲಿನಲ್ಲಿ ಆಗುವ ನಷ್ಟ ಬೇರೆ, ನೆಲದ ಅಡ್ಡಿಯಿಂದ ಆಗುವ ನಷ್ಟ ಬೇರೆ ಎಂದು ಬಿಡಿಸಿ ಬರೆಯುತ್ತದೆ. ನಮ್ಮ ದಾರಿಗೆ ಮೊದಲನೆಯದು ಸುಮಾರು 107 ಡಿಬಿ (ಡೆಸಿಬೆಲ್, ಸಿಗ್ನಲ್ ನಷ್ಟ ಅಳೆಯುವ ಮಾನ). ಜೊತೆಗೆ, ಅಡ್ಡಿ ದಾಟಲು ಆಂಟೆನಾ ಎಷ್ಟು ಎತ್ತರ ಬೇಕು, ಮೊದಲ ಫ್ರೆನೆಲ್ ವಲಯದ (ಎರಡು ಆಂಟೆನಾ ನಡುವಿನ ನೇರ ಗೆರೆಯ ಸುತ್ತ ಅಲೆ ಹರಡಿಕೊಳ್ಳುವ ಜಾಗ) 60% ಖಾಲಿ ಸಿಗಲು ಎಷ್ಟು ಬೇಕು ಎಂದೂ ಹೇಳುತ್ತದೆ. ಎರಡನೆಯ ಸಾಲನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನೇರ ಗೆರೆ ದಿಣ್ಣೆಯ ನೆತ್ತಿಗಿಂತ 8 ಮೀಟರ್ ಮೇಲೆ ಹಾದುಹೋಗುತ್ತಿತ್ತು, ಸಾಕಲ್ವಾ ಅಂದುಕೊಂಡೆ. ಸಾಲದು. ಆ ಜಾಗದಲ್ಲಿ ಫ್ರೆನೆಲ್ ವಲಯದ ತ್ರಿಜ್ಯ 34 ಮೀಟರ್. ಅಂದರೆ 20 ಮೀಟರ್ ಖಾಲಿ ಬೇಕು. ರೇಡಿಯೊ ಅಲೆ ದಾರದ ಹಾಗೆ ಹೋಗುವುದಿಲ್ಲ, ಹೊಟ್ಟೆ ಉಬ್ಬಿಸಿಕೊಂಡು ಹೋಗುತ್ತದೆ. ಗೆರೆ ಚೂಪಾದ ನೆತ್ತಿಗೆ ತಾಗಿಕೊಂಡು ಹೋದರೂ 6 ಡಿಬಿ ಹೋಯಿತು ಎಂದೇ ಲೆಕ್ಕ.

ಕಂಬದ ಹತ್ತಿರ ಕೂತು ನೋಡಿದರೆ ಮೂರರಲ್ಲಿ ಒಂದು ಡೇಟಾ ಪ್ಯಾಕೆಟ್ ಬರುತ್ತಿರಲಿಲ್ಲ. ದಿಣ್ಣೆ ಹತ್ತಿ ನೋಡಿದೆ. ಮೇಲೆಲ್ಲ 12 ಮೀಟರ್ ಮರಗಳು! ಇವು ಡೇಟಾ ಅಳೆದ ಮೇಲೆ ಬೆಳೆದ ನೆಡುತೋಪು. ಇದಕ್ಕೆ ಸ್ಪ್ಲ್ಯಾಟ್‌ನಲ್ಲಿ ‘ಜಿಸಿ’ ಎಂಬ ಆಯ್ಕೆ ಇದೆ, ನೆಲದ ಮೇಲೆ ಅಷ್ಟು ಎತ್ತರ ಸೇರಿಸಿ ಲೆಕ್ಕ ಮಾಡುತ್ತದೆ. ಹಳೆಯ ದಟ್ಟ ಕಾಡಾದರೆ ಸುಮ್ನೆ ಪೂರ್ತಿ ಎತ್ತರ ಹಾಕಬೇಡಿ. ರೇಡಾರ್ ಆಗಲೇ ಮರದ ತಲೆಯನ್ನು ಒಂದಷ್ಟು ಸೇರಿಸಿ ಅಳೆದಿರುತ್ತದೆ, ಎರಡು ಸಲ ಎಣಿಸಿದ ಹಾಗಾಗುತ್ತದೆ.

ಮರ ಸೇರಿಸಿದ ಮೇಲೆ ಬೇಕಾದ ಕಂಬದ ಎತ್ತರ ನಮ್ಮ ಕೈಮೀರಿತ್ತು. ಹಾಗಾಗಿ ಅಕ್ಕಪಕ್ಕದ ಆರೇಳು ಜಾಗಗಳಿಗೆ ಫೈಲ್ ಬರೆದು ಒಂದೊಂದನ್ನೇ ಓಡಿಸಿದೆ. 300 ಮೀಟರ್ ಪಕ್ಕಕ್ಕೆ ಸರಿದರೆ ದಿಣ್ಣೆಯಲ್ಲಿ ಒಂದು ತಗ್ಗು, ಅಲ್ಲಿ ಮರವೂ ಇಲ್ಲ. ಅದೇ 9 ಮೀಟರ್ ಕಂಬವನ್ನು ಅಲ್ಲಿ ನೆಟ್ಟೆವು. ಈ ಮಳೆಗಾಲದಲ್ಲಿ ಒಂದು ದಿನದ ಡೇಟಾವೂ ತಪ್ಪಿಲ್ಲ.