ಬೆಳಗಾವಿ ಸಂಧಿವಾತದ ಕ್ಲಿನಿಕ್: ಮಣಕಾಲಿನ ನೀರ ತಗದು ನೋಡಿದ್ರು, ಅದಕ್ಕ 4 ಸ್ಟಾರ್

ಮಣಕಾಲ ಬಾತ್ರ ರಕ್ತದ ರಿಪೋರ್ಟ್ ನೋಡಿ ಗುಳಗಿ ಬರಕೊಡಾವ್ರು ಬೇಕಾದಷ್ಟು ಮಂದಿ ಅದಾರ, ಬಾತ ಜಾಗಾಕ್ಕ ಸೂಜಿ ಹಾಕಿ ನೀರ ತಗದು ಅದರಾಗ ಏನೈತಿ ಅಂತ ನೋಡಾವ್ರು ಕಡಿಮಿ. ಇಲ್ಲಿ ನೋಡ್ತಾರ. ಅದಕ್ಕ ಇಷ್ಟುದ್ದ ಬರಿಯಾಕತ್ತೀನಿ.

ನಮ್ಮ ಅವ್ವಗ ಎಪ್ಪತ್ತ ದಾಟ್ಯಾವು. ಬಲಗಾಲ ಮಣಕಾಲ ರಾತ್ರೋರಾತ್ರಿ ಬಾತು ಕೆಂಪಗಾಗಿ ಮುಟ್ಟಿದ್ರ ಸುಡತಿತ್ತು, ಸಣ್ಣ ಜ್ವರಾನೂ ಇತ್ತು. ಬೈಲಹೊಂಗಲದಾಗ ಒಂದ ಕಡೆ ತೋರಿಸಿದ್ರ ಯೂರಿಕ್ ಆಸಿಡ್ 7.1 ಬಂತು, ಗೌಟ್ (ಯೂರಿಕ್ ಆಸಿಡ್ ಹರಳಾಗಿ ಸಂದಿನಾಗ ಕೂತು ಬಾವು ತರೂ ಬ್ಯಾನಿ) ಅಂದ್ರು, ಮುಗೀತು. ಬ್ಯಾಳಿ ಬಂದ್, ಟೊಮ್ಯಾಟೊ ಬಂದ್, ಪಾಲಕ್ ಬಂದ್. ಅವ್ವ ಮೊದಲ ಮಟನ್ ಮುಟ್ಟಾಕಿ ಅಲ್ಲ, ಇನ್ನ ಬ್ಯಾಳೀನೂ ಬಿಟ್ರ ರೊಟ್ಟಿ ಎದರಾಗ ಅದ್ದಬೇಕು ಹೇಳ್ರಿ.

ಇಲ್ಲಿ ಡಾಕ್ಟರ್ ಮೊದಲ ಕೇಳಿದ್ದು ಬಿಪಿ ಗುಳಗಿ ಯಾವುದು ಅಂತ. ಅದರಾಗ ಉಚ್ಚಿ ಜಾಸ್ತಿ ಮಾಡೂ ಔಷಧ ಇತ್ತು, ಅದರಿಂದನೂ ಯೂರಿಕ್ ಆಸಿಡ್ ಏರತೈತಿ, ಆ ನಂಬರ್ ಒಂದ ಹಿಡ್ಕೊಂಡು ಗೌಟ್ ಅನ್ನಾಕ ಬರಾಂಗಿಲ್ಲ ಅಂದ್ರು. ಆಮ್ಯಾಲ ನಾವು ತಂದಿದ್ದ ಹಳೇ ಎಕ್ಸ್‌ರೇ ಬೆಳಕಿಗೆ ಹಿಡದು ತೋರಿಸಿದ್ರು, ಮಣಕಾಲ ಸಂದಿ ನಡುವ ಸುಣ್ಣದಾಗ ಎಳದಂಗ ಸಣ್ಣ ಬಿಳಿ ಗೆರಿ. ಇದ ಎಕ್ಸ್‌ರೇ ಮೊದಲಿನವ್ರೂ ನೋಡಿದ್ರು ಮತ್ತ, ಸವದೈತಿ ಅಂತಷ್ಟ ಹೇಳಿ ಕವರಿಗೆ ಹಾಕಿದ್ರು.

ಅವತ್ತ ನೀರ ತಗದ್ರು. ಅವ್ವ ನನ್ನ ಕೈ ಗಟ್ಟಿ ಹಿಡದಿದ್ಲು, ಆದ್ರ ಮರಗಟ್ಟೂ ಇಂಜೆಕ್ಷನ್ ಕೊಟ್ಟ ಮ್ಯಾಲ ಭಾಳ ಬ್ಯಾನಿ ಆಗಲಿಲ್ಲ. ಸಿರಿಂಜ್ ತುಂಬ ಹಳದಿ, ಮಬ್ಬ ಮಬ್ಬ ನೀರು, ಅದು ಹೊರಗ ಬರತಿದ್ದಂಗ ಕಾಲ ಹಗರ ಆತು ಅಂದ್ಲು. ಅರ್ಧ ಕಲ್ಚರಿಗೆ (ಕೀವು ಆಗೇತೇನು ಅಂತ ನೋಡಾಕ, ಹರಳು ಸಿಕ್ರೂ ಒಳಗ ಸೋಂಕು ಇರಬಹುದಂತ, ಹಂಗಾಗಿ ಇದನ್ನ ಬಿಡಾಂಗಿಲ್ಲ), ಇನ್ನರ್ಧ ಪೋಲರೈಸ್ಡ್ ಬೆಳಕಿನ ಮೈಕ್ರೋಸ್ಕೋಪಿಗೆ. ಗೌಟ್ ಇದ್ರ ಸೂಜಿಯಂಥ ಉದ್ದನ ಯೂರೇಟ್ (ಯೂರಿಕ್ ಆಸಿಡಿನ) ಹರಳು ಹೊಳಿತಾವು. ಅವ್ವಂದ್ರಾಗ ಸಿಕ್ಕಿದ್ದು ಗಿಡ್ಡನ, ಓರೆ ಚೌಕದ ಹರಳು, ಕ್ಯಾಲ್ಸಿಯಂ ಪೈರೊಫಾಸ್ಫೇಟ್. ಎಕ್ಸ್‌ರೇದಾಗಿನ ಆ ಬಿಳಿ ಗೆರಿನೂ ಇದರದ. ಇದಕ್ಕ ಸ್ಯೂಡೊಗೌಟ್ ಅಂತಾರ, ಅರವತ್ತ ದಾಟಿದವ್ರಿಗೇ ಹೆಚ್ಚು, ಮಣಕಾಲಿಗೂ ಮಣಿಕಟ್ಟಿಗೂ ಹೆಚ್ಚು. ಬ್ಯಾಳಿಗೂ ಇದಕ್ಕೂ ಸಂಬಂಧನ ಇಲ್ಲ! ಅವ್ವ ಕೇಳಿದ ಮೊದಲ ಪ್ರಶ್ನೆ ಅಂದ್ರ ಕುಂದಾ ತಿನ್ನಬಹುದೇನ್ರಿ ಅಂತ. ಮಣಕಾಲಿಗೇನೂ ಆಗಾಂಗಿಲ್ಲ ಅಜ್ಜಿ, ನಿಮ್ಮ ಶುಗರ್ ಕೇಳ್ರಿ ಅಂತ ನಕ್ರು.

ಕಲ್ಚರ್ ಕ್ಲೀನ್ ಬಂದ ಮ್ಯಾಲ ಮಣಕಾಲಿಗೆ ಸ್ಟೆರಾಯ್ಡ್ ಇಂಜೆಕ್ಷನ್, ಮತ್ತ ಸ್ವಲ್ಪ ದಿನ ಬಾವು ಇಳಿಸೂ ಕೊಲ್ಚಿಸಿನ್ 0.5 ಮಿಲಿಗ್ರಾಂ ಗುಳಗಿ, ಜುಲಾಬ್ ಹತ್ತಿದ್ರ ನಿಲ್ಲಿಸಿ ಫೋನ್ ಮಾಡ್ರಿ ಅಂತ ಹೇಳಿ. ಕಿಡ್ನಿ ನೋಡೂತನ ಬ್ಯಾನಿ ಗುಳಗಿ ಬರದ ಇಲ್ಲ. ಕ್ಯಾಲ್ಸಿಯಂ, ಮೆಗ್ನೀಷಿಯಂ, ಪ್ಯಾರಾಥೈರಾಯ್ಡ್, ಕಬ್ಬಿಣದ ಅಂಶ ಎಲ್ಲಾ ಟೆಸ್ಟ್ ಮಾಡಿಸಿದ್ರು, ಅದರಾಗ ಏರುಪೇರಾದ್ರೂ ಈ ಹರಳು ಕೂಡ್ತಾವಂತ. ಈ ಹರಳ ಕರಗಿಸೂ ಔಷಧ ಇಲ್ಲ, ಬಾವು ಬಂದಾಗ ಇಳಿಸೋದಷ್ಟ ನಮ್ಮ ಕೈಯಾಗ ಅಂತ ನೇರ ಹೇಳಿದ್ರು. ಇದು ನನಗ ಹಿಡಿಸ್ತು, ಪೂರ್ತಿ ಗುಣ ಮಾಡ್ತೀವಿ ಅಂತ ಬೋರ್ಡ್ ಹಾಕಿದ್ದು ನಮ್ಮ ಕಡೆ ಗಲ್ಲಿಗೊಂದ ಅದಾವು.

ನಮ್ಮ ಸ್ವಾದರಮಾವಂದು ಉಲ್ಟಾ ಕಥಿ. ಕಾಲ ಹೆಬ್ಬಟ್ಟಿನ ಬುಡ ಬಾತು ಹೊದಿಕಿ ತಾಗಿದ್ರೂ ಚೀರತಿದ್ದ, ಆದ್ರ ಬ್ಯಾನಿ ಇದ್ದಾಗ ಯೂರಿಕ್ ಆಸಿಡ್ 5.8 ಬಂತಂತ ಬ್ಯಾರೆ ಕಡೆ ಗೌಟ್ ಅಲ್ಲ ಅಂದಿದ್ರು. ಬಾವು ಜೋರ ಇದ್ದಾಗ ನಂಬರ್ ನಾರ್ಮಲ್ ಬರೂದೂ ಉಂಟಂತ. ಅವನನ್ನೂ ಇಲ್ಲಿಗೇ ಕಳಿಸಿದ್ವಿ, ಖರೇ ಗೌಟೇ ಇತ್ತು. ಯೂರಿಕ್ ಆಸಿಡ್ ಇಳಿಸೂ ಆಲೊಪ್ಯುರಿನಾಲ್ ಗುಳಗಿ 100 ಮಿಲಿಗ್ರಾಂದಿಂದ ಸುರು ಮಾಡಿ ಯೂರಿಕ್ ಆಸಿಡ್ 6ರ ಕೆಳಗ ಇಳಿಯೂತನ ಹಗರಕ ಏರಿಸ್ಯಾರ. ಮೊದಲ ಕೆಲವು ತಿಂಗಳು ಹರಳು ಕರಗೂವಾಗ ಮತ್ತ ಬಾವು ಬರಬಹುದು, ಆಗ ಹೆದರಿ ಗುಳಗಿ ಬಿಡಬ್ಯಾಡ್ರಿ ಅಂತ ಜೋಡಿ ಕೊಲ್ಚಿಸಿನ್ ಕೊಟ್ಟಾರ. ಬಿಯರ್, ಕಲೀಜಾ, ಸಿಹಿ ಕೋಲ್ಡ್ ಡ್ರಿಂಕ್ ಕಡಿಮಿ ಮಾಡು ಅಂದ್ರು. ಬ್ಯಾಳಿ ಅವಗೂ ಬಿಡಸಿಲ್ಲ!

ಒಂದ ಸ್ಟಾರ್ ಕಟ್ ಮಾಡಿದ್ದು ಮೆಟ್ಟಲಿಗೆ. ಕೀಲಬ್ಯಾನಿ ಮಂದಿ ಬರೂ ಕ್ಲಿನಿಕ್ ಮೊದಲನೇ ಮಾಳಗಿ ಮ್ಯಾಲ, ಲಿಫ್ಟ್ ಇಲ್ಲ, ಅವ್ವನ್ನ ನಾನೂ ತಮ್ಮನೂ ಎತ್ಕೊಂಡ ಹೋದ್ವಿ. ಅಪಾಯಿಂಟ್‌ಮೆಂಟ್ ಇದ್ರೂ ಪಾಳಿ ಕಾಯೂದು ತಪ್ಪಾಂಗಿಲ್ಲ. ಕೌಂಟರಿನಾಗ ಕನ್ನಡ ಮರಾಠಿ ಎರಡೂ ನಡಿತಾವು, ಮಾತು ಚಲೋ. ಮೈಕ್ರೋಸ್ಕೋಪ್ ಅವ್ರಲ್ಲಿ ಇಲ್ಲ, ಹೊರಗಿನ ಲ್ಯಾಬಿಗೆ ಕಳಿಸ್ತಾರ, ಅದರ ಬಿಲ್ ಬ್ಯಾರೆ.

ಹೋಗೋರು ಬಾವು ಇದ್ದಾಗನ ಹೋಗ್ರಿ, ಇಳದ ಮ್ಯಾಲ ಹೋದ್ರ ತಗಿಯಾಕ ನೀರ ಸಿಗೂದು ಕಷ್ಟ. ಹಳೇ ಎಕ್ಸ್‌ರೇ ಮತ್ತ ನುಂಗೂ ಗುಳಗಿಯ ಚೀಟಿ ಎಲ್ಲಾ ಜೋಡಿ ಒಯ್ರಿ, ಬಿಪಿದೂ.