ಸಭೆಯ ಕಾಣಿಕೆಗೆ ಕ್ಯೂಆರ್ ಕೋಡ್: ಒಂದು ವರ್ಷ ಬಳಸಿದ ಮೇಲೆ

ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಕಾಣಿಕೆಗೆ ಕ್ಯೂಆರ್ ಕೋಡ್ ಹಾಕಿ ಒಂದು ವರ್ಷ ಆಯ್ತು. ಮೊದಲ ತಿಂಗಳು ಬಿಟ್ಟರೆ ಆಗಿನಿಂದ ತಿಂಗಳ ದಶಮಾಂಶವನ್ನು, ಅಂದರೆ ವರಮಾನದ ಹತ್ತನೇ ಒಂದು ಪಾಲನ್ನು, ಫೋನಿನಲ್ಲೇ ಕೊಡುತ್ತಿದ್ದೇನೆ. ಸಭೆಯ ಹೆಸರು ಬರೆಯುವುದಿಲ್ಲ, ನನ್ನ ತಕರಾರು ಯಾರೊಬ್ಬರ ಮೇಲೂ ಅಲ್ಲ. ನಿಮ್ಮ ಸಭೆಯಲ್ಲೂ ಇದನ್ನು ತರುವ ಮಾತು ನಡೆದಿದ್ದರೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ನಮಗೆ ಕವರ್ ಇತ್ತು. ವರ್ಷಕ್ಕೆ ಹನ್ನೆರಡು ಕವರ್, ಮೇಲೆ ಮನೆಯ ನಂಬರ್, ತಿಂಗಳು, ಕೆಳಗೆ ದಶಮಾಂಶ, ಕೃತಜ್ಞತಾ ಕಾಣಿಕೆ, ಕಟ್ಟಡ ನಿಧಿ, ಬಡವರ ನಿಧಿ ಅಂತ ಸಾಲುಗಳು. ನಾನು ನರ್ಸ್. ಭಾನುವಾರ ಡ್ಯೂಟಿ ಬಿದ್ದರೆ ಆರಾಧನೆ ತಪ್ಪುತ್ತದೆ, ಕವರ್ ಬೀರುವಿನಲ್ಲೇ ಉಳಿಯುತ್ತದೆ, ಅಷ್ಟರಲ್ಲಿ ಗ್ಯಾಸ್ ಸಿಲಿಂಡರ್ ಬರುತ್ತದೆ, ಚಿಲ್ಲರೆ ಇಲ್ಲ ಅಂತ ಅದರಿಂದಲೇ ತೆಗೆಯುತ್ತೇವೆ, ಆಮೇಲೆ ಹಾಕಿದರಾಯ್ತು ಅಂದುಕೊಳ್ಳುತ್ತೇವೆ. ಹೀಗೆ ಮೂರು ತಿಂಗಳು ಬಾಕಿ ಬಿದ್ದದ್ದೂ ಉಂಟು. ಬೈಬಲಿನಲ್ಲಿ ಅಪೊಸ್ತಲ ಪೌಲ ಕೊರಿಂಥದವರಿಗೆ ಬರೆದದ್ದು ಬಂದ ವರಮಾನದಲ್ಲಿ ಮೊದಲೇ ತೆಗೆದಿಡಿ ಅಂತ ಅಲ್ವಾ? (1 ಕೊರಿಂಥ 16:2 ನೋಡಿ.) ಈಗ ಸಂಬಳದ ಮೆಸೇಜ್ ಬಂದ ಸಂಜೆಯೇ ಕಾಣಿಕೆ ಹೋಗುತ್ತದೆ. ಉಳಿದದ್ದರಲ್ಲಿ ಮನೆ ನಡೆಯುತ್ತದೆ. ಈ ಒಂದು ಕಾರಣಕ್ಕೇ ಕ್ಯೂಆರ್ ನನಗೆ ಬೇಕು.

ತೊಂದರೆ ಶುರುವಾದದ್ದು ರಸೀದಿಯಲ್ಲಿ. ಸಭೆಯ ಪುಸ್ತಕದಲ್ಲಿ ನಮ್ಮ ಮನೆ ಇರುವುದು ಅತ್ತೆಯ ಹೆಸರಿನಲ್ಲಿ. ಹಣ ಹೋಗುವುದು ನನ್ನ ಯಜಮಾನರ ಖಾತೆಯಿಂದ. ಬ್ಯಾಂಕಿನ ಪಟ್ಟಿಯಲ್ಲಿ ಕಾಣುವುದು ಅವರ ಹೆಸರು ಮಾತ್ರ, ಯಾವ ಮನೆ ಅಂತ ಖಜಾಂಚಿಗೆ ಹೇಗೆ ಗೊತ್ತಾಗಬೇಕು? ಮೂರು ತಿಂಗಳು ನಮ್ಮ ಪುಟ ಖಾಲಿ. ಅತ್ತೆಗೆ ತುಂಬಾ ಬೇಜಾರಾಯ್ತು. ನಲವತ್ತು ವರ್ಷ ಒಂದು ತಿಂಗಳೂ ತಪ್ಪಿಸದೆ ಕೊಟ್ಟವರು ಅವರು. ಕಟ್ಟಡ ನಿಧಿಗೆ ಅಂತ ಕಳಿಸಿದ 500 ರೂಪಾಯಿ ಕೂಡ ಸಾಮಾನ್ಯ ಖಾತೆಗೆ ಸೇರಿಕೊಂಡಿತ್ತು. ಆಮೇಲೆ ಕಂಡುಕೊಂಡ ದಾರಿ ಇದು: ಹಣ ಕಳಿಸುವಾಗ ಕೆಳಗೆ ಬರೆಯುವ ಜಾಗದಲ್ಲಿ ಮನೆ ನಂಬರ್, ತಿಂಗಳು, ಯಾವ ಕಾಣಿಕೆ ಅಂತ ಮೂರೂ ಹಾಕಿ. ಈಗ ಕ್ಯೂಆರ್ ಕೆಳಗೇ ಹಾಗೆ ಬರೆಯಿರಿ ಅಂತ ಚೀಟಿ ಅಂಟಿಸಿದ್ದಾರೆ. ಆದರೂ ರಸೀದಿ ಕೈಗೆ ಬರಲು ಎರಡು ಮೂರು ವಾರ ಆಗುತ್ತದೆ, ಇದು ಜಾಸ್ತಿಯೇ.

ಇನ್ನೊಂದು. ಸ್ಕ್ಯಾನ್ ಮಾಡಿದ ಕೂಡಲೇ ಯಾರ ಹೆಸರು ಬರುತ್ತದೆ ನೋಡಿ. ಸಭೆಯ ಖಾತೆಯ ಹೆಸರೇ ಬರಬೇಕು. ನಮ್ಮಲ್ಲಿ ಮೊದಲ ತಿಂಗಳು ತಾತ್ಕಾಲಿಕವಾಗಿ ಕಮಿಟಿಯ ಒಬ್ಬರ ಸ್ವಂತ ನಂಬರ್ ಹಾಕಿದ್ದರು. ನಾನು ಕಳಿಸಲಿಲ್ಲ, ಕವರೇ ಹಾಕಿದೆ. ಅವರು ಒಳ್ಳೆಯವರು, ಅದರಲ್ಲಿ ಅನುಮಾನವಿಲ್ಲ. ಆದರೆ ದೇವರ ಹಣ ಅವರ ಮನೆಯ ಹಣದ ಜೊತೆ ಬೆರೆತರೆ ನಾಳೆ ಲೆಕ್ಕ ಕೊಡಲಾಗದೆ ಕಷ್ಟಪಡುವವರು ಅವರೇ.

ಹೊರದೇಶದಲ್ಲಿ ಇರುವವರು ಗಮನಿಸಿ. ನನ್ನ ತಮ್ಮ ಕುವೈತ್‌ನಲ್ಲಿದ್ದಾನೆ, ಭಾರತದ ಪಾಸ್‌ಪೋರ್ಟ್. ಅವನು ತನ್ನ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆ ಇಲ್ಲ. ಆದರೆ ಚಿಕ್ಕಮ್ಮನ ಮಗಳು ಅಮೆರಿಕದ ಪೌರತ್ವ ಪಡೆದಿದ್ದಾಳೆ. ಅವಳು ಕೊಟ್ಟದ್ದು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ) ಕಾನೂನಿನ ಪ್ರಕಾರ ವಿದೇಶಿ ದೇಣಿಗೆ. ಆ ನೋಂದಣಿ ಇಲ್ಲದ ಸಭೆ ಅದನ್ನು ತೆಗೆದುಕೊಳ್ಳುವಂತಿಲ್ಲ, ಇದ್ದರೂ ಮೊದಲು ಬರಬೇಕಾದ್ದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ರಜೆಗೆ ಬಂದವರು ಪ್ರೀತಿಯಿಂದ ಸುಮ್ನೆ ಸ್ಕ್ಯಾನ್ ಮಾಡಿಬಿಡುತ್ತಾರೆ, ಕಷ್ಟ ಸಭೆಗೆ.

ಆರಾಧನೆಯಲ್ಲಿ ಕಾಣಿಕೆ ಹಾಕುವ ಚೀಲದ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಮರದ ಹಿಡಿಯ ಮರೂನ್ ಮಖಮಲ್ ಚೀಲ. ಕೀರ್ತನೆ ಹಾಡುವಾಗ ಸಾಲಿನಿಂದ ಸಾಲಿಗೆ ಬರುತ್ತದೆ. ಮೊದಲು ನನ್ನ ಆರು ವರ್ಷದ ಮಗಳು ಹತ್ತು ರೂಪಾಯಿ ನಾಣ್ಯವನ್ನು ಮನೆಯಿಂದಲೇ ಮುಷ್ಟಿಯಲ್ಲಿ ಹಿಡಿದು ಬರುತ್ತಿದ್ದಳು. ಫೋನ್ ಬಂದ ಮೇಲೆ ನಾನು ನಾಣ್ಯ ಕೊಡುವುದನ್ನೇ ಮರೆತೆ. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಖಜಾಂಚಿಯವರು ವೆಸ್ಟ್ರಿಯಿಂದ (ಚರ್ಚಿನ ಒಳಕೋಣೆಯಿಂದ) ಹೊರಗೆ ಬಂದು ಒಂದು ಹಳದಿ ತಲೆಪಿನ್ನು ತೋರಿಸಿ, 'ಇದು ನಿಮ್ಮ ಪಾಪುವಿನದ್ದಲ್ವಾ?' ಅಂದರು. ಕೈಯಲ್ಲಿ ಏನೂ ಇಲ್ಲ ಅಂತ ಅವಳು ಕೂದಲಿನದ್ದನ್ನೇ ಕಿತ್ತು ಚೀಲಕ್ಕೆ ಹಾಕಿದ್ದಳು. ಅವರು ಅದನ್ನು ಹಾಗೇ ಕೊಡಲಿಲ್ಲ, ಅವಳ ಮುಂದೆ ಬಗ್ಗಿ, 'ದೇವರಿಗೆ ಮುಟ್ಟಿತು ಮಗಾ, ಈಗ ನೀನು ಇಟ್ಟುಕೋ' ಅಂದರು. ಆವತ್ತಿನಿಂದ ಶನಿವಾರ ರಾತ್ರಿಯೇ ನಾಣ್ಯ ತೆಗೆದು ಬೈಬಲ್ ಮೇಲೆ ಇಡುತ್ತೇನೆ. ಆದ್ದರಿಂದ ಕ್ಯೂಆರ್ ತರುವ ಕಮಿಟಿಯವರು ದಯವಿಟ್ಟು ಚೀಲ ನಿಲ್ಲಿಸಬೇಡಿ. ಸ್ಮಾರ್ಟ್‌ಫೋನ್ ಇಲ್ಲದ ಅಜ್ಜಿಯಂದಿರಿಗೂ ಅದೇ ಬೇಕು.

ನನ್ನ ತವರು ಉಡುಪಿ ಕಡೆ, ಬಾಸೆಲ್ ಮಿಷನ್ ಎಂಬ ಸ್ವಿಸ್ ಕ್ರೈಸ್ತ ಸಂಸ್ಥೆಯ ಕಾಲದ ಸಭೆ, ಈಗ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ. ಅಲ್ಲಿ ಬೆಳೆ ಹಬ್ಬದ ಏಲಂ ಈಗಲೂ ಜೋರು. ಅಮ್ಮ ಮನೆಯ ಹಿತ್ತಲಿನ ಗುಳ್ಳ ಬದನೆ ಒಯ್ಯುತ್ತಾರೆ. ಕೊಂಡವರು ಅದನ್ನೇ ಮತ್ತೆ ಸಭೆಗೆ ಕೊಡುತ್ತಾರೆ, ಮತ್ತೆ ಕೂಗುತ್ತಾರೆ. ದುಡ್ಡು ಮಾತ್ರ ಈಗ ಫೋನಿನಲ್ಲಿ.

ಎಲ್ಲಕ್ಕಿಂತ ಇಷ್ಟವಾದದ್ದು ಲೆಕ್ಕದ ಹಾಳೆ. ಕ್ಯೂಆರ್ ಬಂದ ಮೇಲೆ ಯಾರಿಗೂ ಅನುಮಾನ ಬರಬಾರದು ಅಂತ ಪ್ರತಿ ತಿಂಗಳು ನೋಟಿಸ್ ಬೋರ್ಡಿಗೆ ಹಾಕುತ್ತಿದ್ದಾರೆ: ಚೀಲದಲ್ಲಿ ಎಷ್ಟು, ಕವರಿನಲ್ಲಿ ಎಷ್ಟು, ಫೋನಿನಲ್ಲಿ ಎಷ್ಟು. ಖರ್ಚಿನಲ್ಲಿ ಬಿಷಪ್ಪರ ಆಡಳಿತದ ಡಯಾಸಿಸ್‌ಗೆ ಕಟ್ಟಿದ ಪಾಲು, ಕರೆಂಟ್ ಬಿಲ್, ಗಂಟೆ ಬಾರಿಸುವ ಅಣ್ಣನ ಸಂಬಳ, ಯಾರದೋ ಡಯಾಲಿಸಿಸ್‌ಗೆ ಕೊಟ್ಟದ್ದು, ಹೆಸರಿಲ್ಲದೆ. ಚೀಲದ ಹಣ ಇಬ್ಬರು ಕೂತು ಎಣಿಸಿ ಇಬ್ಬರೂ ಸಹಿ ಹಾಕುತ್ತಾರೆ. ಅತ್ತೆ ಕನ್ನಡಕ ಹಾಕಿಕೊಂಡು ಪ್ರತಿ ಸಾಲೂ ಓದುತ್ತಾರೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿತ ರಸೀದಿಗೆ. ಕಟ್ಟಡ ನಿಧಿಗೆ ಬೇರೆ ಕ್ಯೂಆರ್ ಮಾಡಿ ಅಂತ ಕಮಿಟಿಗೆ ಬರೆದು ಕೊಟ್ಟಿದ್ದೇನೆ, ಜನವರಿಯಿಂದ ಮಾಡುತ್ತೇವೆ ಅಂದಿದ್ದಾರೆ.