ಒಂದು ಪ್ಯಾಕೆಟ್ ಹಲಸಿನ ಹಪ್ಪಳ, ಅಜ್ಜನ ಮನೆಯ ಅಂಗಳ

ಕಳೆದ ತಿಂಗಳು ಲಾಲ್‌ಬಾಗಿನ ಮಾವು-ಹಲಸಿನ ಮೇಳದಲ್ಲಿ ಒಂದು ಪ್ಯಾಕೆಟ್ ಹಲಸಿನ ಹಪ್ಪಳ ತಂದೆ. 25 ಹಪ್ಪಳಕ್ಕೆ 130 ರೂಪಾಯಿ. ಸುಳ್ಯದ ಕಡೆಯ ಇಬ್ಬರು ಹೆಂಗಸರು ಮೂಲೆಯ ಮಳಿಗೆಯಲ್ಲಿ ಕೂತಿದ್ದರು. ಕವರಿನ ಮೇಲೆ ಬ್ರಾಂಡ್ ಅಂತ ಏನೂ ಇಲ್ಲ. ಬಿಳಿ ಚೀಟಿಯಲ್ಲಿ ತೂಕ, ಮಾಡಿದ ತಿಂಗಳು, ಒಂದು ಫೋನ್ ನಂಬರು, ಅಷ್ಟೇ. ಮನೆಯಲ್ಲೇ ಮಾಡುವವರು, ಅವರ ನಂಬರನ್ನು ಎಲ್ಲರಿಗೂ ಹಂಚುವುದು ಸರಿಯಲ್ಲ. ಆದರೆ ಇಂಥ ಹಪ್ಪಳ ನಿಮಗೆ ಯಾವ ಮೇಳದಲ್ಲಿ, ಯಾವ ಊರಿನ ಅಂಗಡಿಯಲ್ಲಿ ಸಿಕ್ಕರೂ ಗುರುತು ಹಿಡಿದು ತರಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ಗುರುತು ಹೇಗೆ ಅಂದರೆ, ಹಸಿ ಹಪ್ಪಳವನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆ ನಾರಿನ ಎಳೆಗಳು ಕಾಣಬೇಕು. ಅಂಚು ಸ್ವಲ್ಪ ಅಂಕುಡೊಂಕಾಗಿರಬೇಕು. ಈ ಪ್ಯಾಕೆಟ್ಟಿನ ಎರಡು ಮೂರು ಹಪ್ಪಳಗಳಲ್ಲಿ ಅಂಚಿನ ಹತ್ತಿರ ಬೆರಳು ಒತ್ತಿದ ಗುರುತೇ ಇತ್ತು. ಹಾಳೆಯಿಂದ ಬಿಡಿಸುವಾಗ ಆಗುವ ಗುರುತು ಅದು. ನೋಡಿದ ಕೂಡಲೇ ಗೊತ್ತಾಯಿತು, ಯಾಕೆಂದರೆ ಅಂಥ ಸಾವಿರಾರು ಗುರುತುಗಳನ್ನು ನಾನೇ ಮಾಡಿದ್ದೇನೆ.

ಚಿಕ್ಕಂದಿನಲ್ಲಿ ನಮಗೆ ಶಾಲೆಯಲ್ಲಿ ಏಪ್ರಿಲ್ 10ಕ್ಕೆ ಪಾಸು-ಫೇಲು. ಮರುದಿನವೇ ಹಾಸನದಿಂದ ಕೆಂಪು ಬಸ್ಸು, ಶಿರಾಡಿ ಘಾಟಿ, ಉಪ್ಪಿನಂಗಡಿ, ಪುತ್ತೂರು. ಅಲ್ಲಿಂದ ಮುಂದೆ ಇನ್ನೊಂದು ಬಸ್ಸು, ಆಮೇಲೆ ತೋಟದ ದಾರಿಯಲ್ಲಿ ನಡಿಗೆ. ಅಜ್ಜನ ಮನೆ ತಲುಪಿದ ಮೇಲೆ ಮೇ ಕೊನೆಯವರೆಗೆ ಗಡಿಯಾರ ನೋಡುವ ಕೆಲಸವೇ ಇರಲಿಲ್ಲ. ಬೆಳಿಗ್ಗೆ ದೊಡ್ಡವರು ಬಲಿತ ಆದರೆ ಇನ್ನೂ ಹಣ್ಣಾಗದ ಹಲಸಿನ ಕಾಯಿ ತಂದು ಹಾಕುತ್ತಿದ್ದರು. ಕೈಗೆ, ಕತ್ತಿಗೆ ತೆಂಗಿನೆಣ್ಣೆ ಹಚ್ಚಿಕೊಂಡು ಅಜ್ಜಿ ಕಾಯಿ ಸೀಳುವುದು, ನಾವು ಸುತ್ತ ಕೂತು ಸೊಳೆ, ಅಂದರೆ ತೊಳೆ, ಬಿಡಿಸುವುದು. ಬೇಳೆ, ಅಂದರೆ ಹಲಸಿನ ಬೀಜ, ಒಂದು ಕಡೆ, ಸೊಳೆ ಒಂದು ಕಡೆ. ಸೊಳೆಯನ್ನು ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಉಪ್ಪು, ಒಣಮೆಣಸು, ಜೀರಿಗೆ ಹಾಕಿ ಒರಳಲ್ಲಿ ಕುಟ್ಟಬೇಕು. ತಣಿದರೆ ಹಿಟ್ಟು ನುಣ್ಣಗಾಗುವುದಿಲ್ಲ. ಅದಕ್ಕೇ ಆ ಅರ್ಧ ಗಂಟೆ ಮಾತ್ರ ಮನೆಯಲ್ಲಿ ಓಡಾಟ ಜಾಸ್ತಿ. ಉಳಿದ ದಿನವೆಲ್ಲ ನಿಧಾನ.

ಉಂಡೆ ಕಟ್ಟುವುದು ಮಕ್ಕಳ ಕೆಲಸ. ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಉಂಡೆ ಇಟ್ಟು, ಮೇಲೆ ಮಣೆ ಇಟ್ಟು ಒತ್ತಬೇಕು. ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವನನ್ನು ಆ ಮಣೆಯ ಮೇಲೆ ಕೂರಿಸುತ್ತಿದ್ದೆವು, ಅವನಿಗೆ ಅದೇ ದೊಡ್ಡ ಮರ್ಯಾದೆ. ಆಮೇಲೆ ಮೆಲ್ಲಗೆ ಬಿಡಿಸಿ ಓಲೆ ಚಾಪೆಯ ಮೇಲೆ ಹಾಸುವುದು. ಅಂಗಳ ತುಂಬ ಹಪ್ಪಳ. ಕಾಗೆ ಕಾಯಲು ಒಬ್ಬರು ಮಾವಿನ ಮರದ ಕೆಳಗೆ ಕೋಲು ಹಿಡಿದು ಕೂರಬೇಕು, ಮತ್ತು ಹಾಗೆ ಕೂತವರು ಅರೆ ಒಣಗಿದ ಹಪ್ಪಳವನ್ನು ಒಂದೊಂದೇ ತಿಂದು ಮುಗಿಸುತ್ತಿದ್ದದ್ದು ಅಜ್ಜಿಗೆ ಗೊತ್ತಿತ್ತು, ಗೊತ್ತಿದ್ದೂ ಏನೂ ಹೇಳುತ್ತಿರಲಿಲ್ಲ. ಆ ಅರೆ ಒಣಗಿದ ಹಪ್ಪಳದ ರುಚಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಜಗಿದಷ್ಟೂ ಬರುತ್ತದೆ, ಮೊದಲು ಉಪ್ಪು, ಆಮೇಲೆ ಖಾರ, ಕೊನೆಗೆ ಸಣ್ಣ ಸಿಹಿ.

ಮಧ್ಯಾಹ್ನ ಊಟವಾದ ಮೇಲೆ ಎಲ್ಲ ಹಪ್ಪಳ ಮಗುಚಬೇಕು. ಮೇ ತಿಂಗಳಲ್ಲಿ ಒಮ್ಮೊಮ್ಮೆ ಸಂಜೆ ಗುಡುಗು ಕೇಳಿದರೆ ಅತ್ತೆ ಒಳಗಿನಿಂದಲೇ "ಮಕ್ಕಳೇ, ಮಳೆ ಬಂತು, ಓಡಿ ಬನ್ನಿ!" ಅಂತ ಕೂಗುತ್ತಿದ್ದರು. ಆಗ ಹತ್ತು ಕೈಗಳು ಒಟ್ಟಿಗೆ ಚಾಪೆ ಎತ್ತುತ್ತಿದ್ದವು. ಇಷ್ಟು ವರ್ಷದ ಮೇಲೂ ಬೆಂಗಳೂರಿನ ಫ್ಲಾಟಿನಲ್ಲಿ ಗುಡುಗಿದರೆ ನನ್ನ ಕೈ ಏನನ್ನೋ ಎತ್ತಲು ಹುಡುಕುತ್ತದೆ.

ಸರಿ, ರುಚಿಗೆ ಬರುತ್ತೇನೆ. ತೆಂಗಿನೆಣ್ಣೆಯಲ್ಲೇ ಕರಿಯಿರಿ, ಬೇರೆ ಎಣ್ಣೆಯಲ್ಲಿ ಕರಿದರೆ ಅರ್ಧ ಪರಿಮಳ ಹೋಯಿತು ಅಂತಲೇ ಲೆಕ್ಕ. ಉರಿ ಮಧ್ಯಮ ಇರಲಿ. ಹಲಸಿನಲ್ಲಿ ಸಿಹಿ ಇರುವುದರಿಂದ ಬೇಗ ಕೆಂಪಾಗುತ್ತದೆ, ಸ್ವಲ್ಪ ಆಚೆ ಈಚೆ ನೋಡಿದರೂ ಕಹಿ. ಉದ್ದಿನ ಹಪ್ಪಳದ ಹಾಗೆ ಗುಳ್ಳೆ ಎದ್ದು ಉಬ್ಬುವುದಿಲ್ಲ, ಸುಮ್ನೆ ಕಾಯುತ್ತ ಕೂರಬೇಡಿ. ಹೊನ್ನಿನ ಬಣ್ಣ ಬರುತ್ತಿದ್ದಂತೆ ತೆಗೆಯಿರಿ. ಈ ಹಪ್ಪಳ ಕರಿದ ಮೇಲೆ ಗರಿಗರಿ, ಆದರೆ ಪುಡಿಪುಡಿ ಆಗಲಿಲ್ಲ. ಹಲ್ಲಿಗೆ ಸಣ್ಣ ನಾರು ಸಿಕ್ಕಿತು, ಜೀರಿಗೆ ಸಿಕ್ಕಿತು. ಖಾರ ಹದವಾಗಿದೆ, ಮಕ್ಕಳು ತಿನ್ನಬಹುದು. ಗ್ಯಾಸಿನ ಮೇಲೆ ಜಾಲರಿ ಇಟ್ಟು ಸುಟ್ಟೂ ನೋಡಿದೆ, ಅದೂ ಚೆನ್ನಾಗಿದೆ, ಮೇಲೆ ಹಸಿ ತೆಂಗಿನಕಾಯಿಯ ಚೂರು ಇದ್ದರೆ ಇನ್ನೂ ಚೆನ್ನ. ಕೆಂಡದ ಮೇಲೆ ಸುಟ್ಟ ಹಪ್ಪಳ ಮಾತ್ರ ಬೇರೆಯೇ, ಅದಕ್ಕೆ ಬಚ್ಚಲಿನ ಒಲೆ ಬೇಕು.

ಕೊರತೆ ಇಲ್ಲವೇ ಅಂದರೆ ಇದೆ. ಉಪ್ಪು ಒಂದು ಚಿಟಿಕೆ ಜಾಸ್ತಿ. ಮೂರು ಹಪ್ಪಳ ಒಂದಕ್ಕೊಂದು ಅಂಟಿಕೊಂಡಿದ್ದವು, ಬಿಡಿಸುವಾಗ ಮುರಿದವು. ತೆಳು ಕವರು, ಬ್ಯಾಗಿನಲ್ಲಿ ಅಡಿಗೆ ಬಿದ್ದರೆ ಪುಡಿಯಾಗುತ್ತದೆ. ಮಾಡುವವರು ಒಂದು ರಟ್ಟು ಇಟ್ಟು ಕಟ್ಟಿದರೆ ಸಾಕು, ಅದಕ್ಕೆ ಐದು ರೂಪಾಯಿ ಜಾಸ್ತಿ ತೆಗೆದುಕೊಂಡರೂ ನಾನು ಕೊಡುತ್ತೇನೆ. ಇದಕ್ಕೂ ಮೊದಲು ಒಮ್ಮೆ ಆನ್‌ಲೈನಿನಲ್ಲಿ ಹಲಸಿನ ಹಪ್ಪಳ ಅಂತ ತರಿಸಿದ್ದೆ. ಎಲ್ಲವೂ ಒಂದೇ ಅಳತೆ, ಕಾಗದದಷ್ಟು ತೆಳು. ಕರಿದರೆ ಹಿಟ್ಟಿನ ರುಚಿ ಬಂತು, ಹಲಸು ಎಲ್ಲಿದೆ ಅಂತ ಹುಡುಕಬೇಕಾಯಿತು. ಅದರ ಜೊತೆ ಹೋಲಿಸಿದರೆ 130 ರೂಪಾಯಿ ಏನೂ ಅಲ್ಲ. ಒಂದು ಹಪ್ಪಳಕ್ಕೆ ಐದು ರೂಪಾಯಿ ಚಿಲ್ಲರೆ, ಅದರ ಹಿಂದೆ ಎಷ್ಟು ಜನರ ಎಷ್ಟು ಹೊತ್ತಿನ ಕೆಲಸ ಇದೆ ಅಂತ ಬಲ್ಲವರು ಚೌಕಾಸಿ ಮಾಡುವುದಿಲ್ಲ.

ಮಳಿಗೆಯಲ್ಲಿದ್ದ ಹಿರಿಯಕ್ಕನ ಹತ್ತಿರ ಸ್ವಲ್ಪ ಹೊತ್ತು ಮಾತಾಡಿದೆ. ಈಗ ಕುಟ್ಟುವುದಕ್ಕೆ ಮೆಷಿನ್ ಇದೆಯಂತೆ, ಒತ್ತುವುದು ಕೈಯಲ್ಲೇ, ಒಣಗಿಸುವುದು ಬಿಸಿಲಲ್ಲೇ. ಮಳೆ ಹಿಡಿದ ಮೇಲೆ ಸೊಳೆಯಲ್ಲಿ ನೀರು ಜಾಸ್ತಿ, ಬಿಸಿಲೂ ಇಲ್ಲ, ಹಾಗಾಗಿ ಏಪ್ರಿಲ್-ಮೇನಲ್ಲಿ ಮಾಡಿದ್ದೇ ವರ್ಷಕ್ಕೆ. "ಮೊದಲು ಮಕ್ಕಳಿದ್ದರು ಕಾಗೆ ಓಡಿಸ್ಲಿಕ್ಕೆ, ಈಗ ಬಲೆ ಹಾಕ್ತೇವೆ" ಅಂದರು. ನಾನು ಏನು ಹೇಳಬೇಕೆಂದು ತಿಳಿಯದೆ ಬೇಳೆಯ ಸಾಂತಾಣಿ ಇದೆಯಾ ಅಂತ ಕೇಳಿದೆ. ಬೇಳೆ ಬೇಯಿಸಿ ಉಪ್ಪು ಹಾಕಿ ಕಲ್ಲಿನಂತೆ ಒಣಗಿಸಿದ್ದು, ಮಳೆಗಾಲದಲ್ಲಿ ಒಂದು ಬಾಯಿಗೆ ಹಾಕಿಕೊಂಡರೆ ಒಂದು ಗಂಟೆ ಆಟ ನಡೆಯುತ್ತಿತ್ತು. ತಂದಿರಲಿಲ್ಲ.

ಮನೆಯಲ್ಲಿ ಏಳು ವರ್ಷದ ಮಗಳಿದ್ದಾಳೆ. ಅವಳ ರಜೆ ಈಜು, ಚಿತ್ರಕಲೆ, ಇನ್ನೊಂದು ಕ್ಲಾಸು ಅಂತ ಹಂಚಿಹೋಗಿತ್ತು. ಅವಳಿಗೆ ಇಷ್ಟವಿದ್ದದ್ದೇ, ನಾನೇ ಸೇರಿಸಿದ್ದು. ಮೊನ್ನೆ ಕ್ಲಾಸಿಲ್ಲದ ಒಂದು ಮಧ್ಯಾಹ್ನ ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು ಅಂಟಿದ್ದ ಹಪ್ಪಳ ಬಿಡಿಸಿದೆವು. ಅವಳು ಒಂದು ಚೂರು ಹಸಿ ಹಪ್ಪಳವನ್ನೇ ಬಾಯಿಗೆ ಹಾಕಿಕೊಂಡು ತುಂಬ ಹೊತ್ತು ಜಗಿದಳು, ಆಮೇಲೆ "ಅಮ್ಮಾ, ಇದು ಹೀಗೇ ಚೆನ್ನಾಗಿದೆ ಅಲ್ವಾ?" ಅಂದಳು. ನಾನು ಹೇಳಿಕೊಟ್ಟಿರಲಿಲ್ಲ. ಮುಂದಿನ ಏಪ್ರಿಲ್‌ನಲ್ಲಿ ಅವಳ ಎರಡು ವಾರ ಖಾಲಿ ಇಡುತ್ತೇನೆ, ಪುತ್ತೂರಿನಲ್ಲಿ ಅತ್ತೆ ಈಗಲೂ ಇದ್ದಾರೆ, ಒರಳೂ ಇದೆ.

ತಂದ ಹಪ್ಪಳವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ತೇವ ಹಿಡಿದರೆ ಒಮ್ಮೆ ಬಿಸಿಲಿಗೆ ಹಾಕಿದರೆ ಸರಿಯಾಗುತ್ತದೆ. ನಮ್ಮ ಡಬ್ಬಿಯಲ್ಲಿ ಈಗ ಎಂಟು ಉಳಿದಿವೆ, ಜೋರು ಮಳೆ ಬರುವ ಸಂಜೆಗೆ ಅಂತ ಇಟ್ಟಿದ್ದೇನೆ.